ಬಂಡವಾಳದ ಪಾತ್ರಕ್ಕೆ ವಾರಿಜಾಕ್ಷಿ

ಮಸ್ಕತ್ತಿನ ಅಲ್ ಅಜೈಬಾದ ಮನೆಯಿಂದ ದಾರ್ಸೈಟ್‌ನ ಶಾಲೆಗೆ ದಿನಾ ಕಾರು ಓಡಿಸಿಕೊಂಡು ಹೋಗುವ ವಾರಿಜಾಕ್ಷಿ ಟೀಚರಿಗೆ ಒಂದು ಹುಚ್ಚಿತ್ತು. ಕಾರಿನ ಗಾಜು ಏರಿಸಿದ್ದೇ ತಡ, ಆಕೆ ಬೇರೆ ಯಾರೋ ಆಗಿಬಿಡುತ್ತಿದ್ದಳು. ಒಂದು ದಿನ ರಾಜ, ಇನ್ನೊಂದು ದಿನ ಅವನ ವೈರಿ, ಕೆಲವು ದಿನ ಇಬ್ಬರೂ. ವಾದ ಹೂಡುವವಳೂ ತಾನೇ, ಖಂಡಿಸುವವಳೂ ತಾನೇ. ಒಮ್ಮೆ ಸಿಗ್ನಲ್ಲಿನಲ್ಲಿ ಪಕ್ಕದ ಟ್ಯಾಕ್ಸಿಯ ಒಮಾನಿ ಅಜ್ಜ ಈ ಹೆಂಗಸಿಗೆ ಏನೋ ಆಗಿದೆ ಎಂದು ಗಾಬರಿಯಾಗಿ ಗಾಜಿಳಿಸಿ ಕೈಸನ್ನೆ ಮಾಡಿ ಕೇಳಿದ್ದ. "ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ" ಎಂದು ನಕ್ಕು, ಹಸಿರು ದೀಪ ಬಿದ್ದ ಕೂಡಲೇ ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದ್ದಳು.

ಗಂಡ ಗುರುವ ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿದ್ದ. ಬಾಯಿ ಕಡಿಮೆ, ಒಳ್ಳೆಯ ಮನುಷ್ಯ. ಶುಕ್ರವಾರ ಒಟ್ಟಿಗೆ ಹೊರಟಾಗ ಹೆಂಡತಿ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿದರೆ ಸಾಕು, ಅವನ ಕೈ ಕಾರಿನ ಕ್ಯಾಸೆಟ್ ಪ್ಲೇಯರಿಗೆ ಹೋಗುತ್ತಿತ್ತು. "ರಜಾದಿನವಾದ್ರೂ ಸ್ವಲ್ಪ ಬಿಡು ಮಾರಾಯ್ತಿ" ಎಂದು ಹಾಡು ಗಟ್ಟಿ ಮಾಡುತ್ತಿದ್ದ. ಹಿಂದಿನ ಸೀಟಿನಲ್ಲಿ ಮಗಳು ಮೋಹಿನಿ ಕಿಸಕ್ಕನೆ ನಗುತ್ತಿದ್ದಳು.

ಈ ಹುಚ್ಚು ತಾಳಮದ್ದಳೆಯದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರವೇ ತಾವಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಬಾಯಿಪಾಠದ ಮಾತಲ್ಲ, ಆ ಹೊತ್ತಿಗೆ ನಾಲಿಗೆಗೆ ಬಂದದ್ದೇ ಬಂಡವಾಳ. ಮೂಲ್ಕಿಯಲ್ಲಿ ವಾರಿಜಾಕ್ಷಿಯ ಅಪ್ಪ ಮದ್ದಳೆ ಬಾರಿಸುತ್ತಿದ್ದವರು. ಚಾಪೆಯ ತುದಿಯಲ್ಲಿ ಕೂತು ಕೇಳುತ್ತ ಬೆಳೆದ ಹುಡುಗಿ ಮಸ್ಕತ್ತಿಗೆ ಬಂದರೂ ಆ ಚಾಪೆಯ ತುದಿಯಿಂದ ಮುಂದೆ ಸರಿದಿರಲಿಲ್ಲ. ಯಾಕೆಂದರೆ ಇಲ್ಲಿನ ಕೂಟದಲ್ಲಿ ಹೆಂಗಸರ ಪಾಲಿಗೆ ಇದ್ದದ್ದು ಅಡುಗೆ ಮತ್ತು ಚಪ್ಪಾಳೆ. ಕೇಳಿದ್ದಳು, ಕೇಳಲಿಲ್ಲವೆಂದಲ್ಲ. ಕೂಟದ ಹಿರಿಯ ಕೊಗ್ಗಣ್ಣ ತಲೆಯಾಡಿಸಿ, "ಶಾಲೆಯಲ್ಲಿ ಮಕ್ಕಳಿಗೆ ಹೇಳುವುದು ಬೇರೆ, ಟೀಚರೇ. ಇದಕ್ಕೆ ದಮ್ಮು ಬೇಕು" ಎಂದಿದ್ದರು.

ಕೊಗ್ಗಣ್ಣ ಒಂದು ಕಟ್ಟಡ ಕಂಪೆನಿಯ ಸ್ಟೋರ್ ಕೀಪರ್. ಸಿಮೆಂಟು, ಕಬ್ಬಿಣದ ನಡುವೆ ವಾರವೆಲ್ಲ ಗೊಣಗುತ್ತ ಇರುವ ಮನುಷ್ಯ ಶುಕ್ರವಾರ ಪಂಚೆ ಉಟ್ಟು ಶಾಲು ಹೊದ್ದು ಕೂತರೆ ಸಾಮ್ರಾಟನೇ ಸರಿ. ಭಾಗವತರ ಬಲಕ್ಕಿರುವ ಮೊದಲ ಕುರ್ಚಿ ಅವರದು. ಅವರು ರಜೆಯಲ್ಲಿ ಊರಿಗೆ ಹೋದಾಗಲೂ ಅದು ಖಾಲಿ ಇರುತ್ತಿತ್ತು, ಯಾರಿಗೂ ಕೂರುವ ಧೈರ್ಯವಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರು ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ. ಕಂಪೆನಿಗಳು ಜನರನ್ನು ಊರಿಗೆ ಕಳಿಸುತ್ತಿದ್ದವು. ವೀಸಾ ಕೊಟ್ಟ ಯಾವ ಕಫೀಲ್ ಯಾವಾಗ ಕರೆದು ಏನು ಹೇಳುತ್ತಾನೋ ಎಂದು ಎಲ್ಲರ ಎದೆ ಡವಡವ. ಅಂಥ ಒಂದು ಸಂಜೆ ರೂವಿಯ ಉಮರಬ್ಬನ ಬಟ್ಟೆ ಅಂಗಡಿಯಲ್ಲಿ ಮಾತು ಹೊರಟಿತು. ಸುರತ್ಕಲ್ಲಿನ ಬ್ಯಾರಿ ಉಮರಬ್ಬನಿಗೆ ತಾಳಮದ್ದಳೆಯೆಂದರೆ ಪ್ರಾಣ. ಮುಂದಿನ ಕೂಟ ಸೀಬ್‌ನಲ್ಲಿರುವ ತನ್ನ ಮನೆಯಲ್ಲೇ ಆಗಲಿ ಎಂದು ಕೊಗ್ಗಣ್ಣನನ್ನೂ ಭಾಗವತರನ್ನೂ ಉಳಿದ ಅರ್ಥಧಾರಿಗಳನ್ನೂ ಕರೆಸಿ ಚಹಾ ಕೊಟ್ಟಿದ್ದ. ಮೋಹಿನಿಯ ಯೂನಿಫಾರ್ಮಿಗೆ ಬಟ್ಟೆ ತೆಗೆಯಲು ಬಂದ ವಾರಿಜಾಕ್ಷಿ ಅಲ್ಲೇ ನಿಂತಿದ್ದಳು.

"ಈ ಸಲ ಕತೆ ಬೇರೆ ಇರ್ಲಿ ಕೊಗ್ಗಣ್ಣ," ಎಂದ ಉಮರಬ್ಬ. "ಬರುವವರಲ್ಲಿ ಅರ್ಧ ಜನ ನನ್ನ ಹಾಗೆ ವ್ಯಾಪಾರದವರು. ಅವರ ತಲೆಯಲ್ಲಿ ಈಗ ಒಂದೇ ಪ್ರಶ್ನೆ. ವ್ಯಾಪಾರ ಬಿದ್ದಾಗ ಸರಕಾರ ಕೈ ಹಾಕ್ಬೇಕಾ, ಅಲ್ಲ ಸುಮ್ಮನೆ ಕೂತು ನೋಡ್ಬೇಕಾ?"

"ಆ ಜಗಳ ಅಮೇರಿಕದಲ್ಲಿ ಐವತ್ತು ವರ್ಷದ ಹಿಂದೆಯೇ ಆಗಿದೆ, ಉಮರಬ್ಬಾಕ," ಎಂದು ವಾರಿಜಾಕ್ಷಿಯ ಬಾಯಿಂದ ಬಂದೇಬಿಟ್ಟಿತು. ಹತ್ತನೇ ಕ್ಲಾಸಿಗೆ ಆ ವಾರ ಅದೇ ಪಾಠ. ಮೊದಲ ಮಹಾಯುದ್ಧ ಮುಗಿದು ಅಮೇರಿಕದಲ್ಲಿ ಹಣದ ಹೊಳೆ ಹರಿದದ್ದು, ಕಾರು, ರೇಡಿಯೋ, ಶೇರು ಎಂದು ಜನ ಮುಗಿಬಿದ್ದದ್ದು, ಇಪ್ಪತ್ತೊಂಬತ್ತರಲ್ಲಿ ಎಲ್ಲ ದಬಕ್ಕನೆ ಬಿದ್ದು ಬ್ಯಾಂಕುಗಳು ಬಾಗಿಲು ಹಾಕಿದ್ದು, ತನ್ನಷ್ಟಕ್ಕೆ ಸರಿಹೋಗುತ್ತದೆ ಎಂದು ಹೇಳುತ್ತ ಹೋದವರು ಚುನಾವಣೆಯಲ್ಲಿ ಸೋತು ರೂಸ್‌ವೆಲ್ಟ್ ಬಂದದ್ದು, ಸರಕಾರವೇ ಅಂಗಿ ತೋಳು ಮಡಚಿ ಸಂತೆಯೊಳಗೆ ಇಳಿದದ್ದು. ಹೇಳುತ್ತ ಹೇಳುತ್ತ ಆಕೆಗೆ ತಾನೆಲ್ಲಿದ್ದೇನೆಂಬುದೇ ಮರೆತುಹೋಯಿತು. ತಿರುಗಿ ನೋಡಿದರೆ ಪರದೆ ಬಟ್ಟೆ ಕೊಳ್ಳಲು ಬಂದವರೂ ಬಾಯಿ ತೆರೆದು ನಿಂತಿದ್ದಾರೆ.

"ಪ್ರಸಂಗ ಸಿಕ್ಕಿತು," ಎಂದರು ಭಾಗವತರು. "ಸರಕಾರ ಒಂದು ಪಾತ್ರ, ಬಂಡವಾಳ ಒಂದು ಪಾತ್ರ. ಟೀಚರ್ ನೋಟ್ಸ್ ಬರೆದುಕೊಡ್ಲಿ, ಪದ್ಯ ನಾನು ಕಟ್ತೇನೆ."

ಸರಕಾರದ ಪಾತ್ರ ಕೊಗ್ಗಣ್ಣನದೆಂದು ಬೇರೆ ಹೇಳಬೇಕೇ. ಆದರೆ ಬಂಡವಾಳವಾಗಲು ಒಬ್ಬ ಗಂಡಸೂ ತಯಾರಿಲ್ಲ. ಕೆಲಸ ಹೋದವರ ಎದುರಿಗೆ ಕೂತು ಲಾಭದ ಪರ ಮಾತಾಡಿ, ಕೊನೆಗೆ ಸೋಲುವುದು ಯಾರಿಗೆ ಬೇಕು? ಇದ್ದ ಅರ್ಥಧಾರಿಗಳೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಆಗ ಉಮರಬ್ಬ, "ಟೀಚರ್ ಉಂಟಲ್ಲ" ಎಂದ.

ಕೊಗ್ಗಣ್ಣ ಮೀಸೆಯ ತುದಿ ತಿರುಚಿದರು. "ಆಯ್ತು, ಕೂತ್ಕೊಳ್ಳಲಿ," ಎಂದರು ಕೊನೆಗೆ. "ಕೊನೆಯ ಪದ್ಯದವರೆಗೆ ನನ್ನೆದುರು ಮಾತು ನಿಲ್ಲದೆ ಕೂತ್ರೆ ಮುಂದೆಯೂ ಕೂಟದಲ್ಲಿ ಒಂದು ಕುರ್ಚಿ. ನಡುವೆ ತಡವರಿಸಿದ್ರೆ ಖಲಾಸ್. ಆಮೇಲೆ ಪುನಃ ಕೇಳ್ಲಿಕ್ಕಿಲ್ಲ."

ವಾರಿಜಾಕ್ಷಿ ಬಟ್ಟೆ ಕೊಳ್ಳುವುದನ್ನೇ ಮರೆತು ಮನೆಗೆ ಬಂದಳು.

ಆಮೇಲಿನ ದಿನಗಳನ್ನು ಆ ಮನೆಯವರು ಹೇಗೆ ಕಳೆದರೋ ದೇವರಿಗೇ ಗೊತ್ತು. ದೋಸೆ ಹೊಯ್ಯುತ್ತ, "ಎಲೈ ಸರಕಾರವೇ, ಈ ಕಾವಲಿ ಮಾಡಿದ್ದು ಯಾರು, ನೀನೋ ನಾನೋ" ಎಂದು ಆಕೆ ಕೇಳಿದರೆ ಗುರುವ ತಟ್ಟೆ ಹಿಡಿದು ಹೊರಗಿನ ಕೋಣೆಗೆ ಓಡುತ್ತಿದ್ದ. ಶಾಲೆಯಲ್ಲೂ ಹಾಗೇ ಆಯಿತು. ಪಾಠ ಮಾಡುತ್ತ ಮಾಡುತ್ತ "ನಾನು ಕಾರ್ಖಾನೆ ಕಟ್ಟಿದೆ, ನಾನು ಬ್ಯಾಂಕು ಮುಚ್ಚಿದೆ" ಎಂದು ಇಂಗ್ಲಿಷಿನಲ್ಲೇ ಬಂಡವಾಳವಾಗಿಬಿಟ್ಟಳು. ಮಕ್ಕಳು ಮೊದಲು ಮುಖಮುಖ ನೋಡಿಕೊಂಡವು, ಆಮೇಲೆ ತಾವೇ ಸರಕಾರವಾಗಿ ಎದ್ದು ನಿಂತು ಜಗಳಕ್ಕೇ ಬಂದವು. ಆ ಪಾಠ ಯಾವ ಮಗುವಿಗೂ ಮರೆಯಲಿಲ್ಲ.

ನವೆಂಬರಿನ ಶುಕ್ರವಾರ. ಬಿಸಿಲು ಹದವಾಗಿತ್ತು. ಉಮರಬ್ಬನ ಅಂಗಳದಲ್ಲಿ ಜಮಖಾನೆ ಹಾಸಿ ಕುರ್ಚಿ ಇಟ್ಟಿದ್ದರು. ಒಳಗೆ ಅವನ ಹೆಂಡತಿ ಹಲೀಮಾ ಅಕ್ಕಿಯ ಪತ್ತಿರಿ ರೊಟ್ಟಿ, ಕೋಳಿ ಸಾರು ಮಾಡಿಸುತ್ತಿದ್ದ ವಾಸನೆ ಗೇಟಿನವರೆಗೆ ಬರುತ್ತಿತ್ತು. ವಾರಿಜಾಕ್ಷಿ ಭಾಗವತರ ಎಡಕ್ಕೆ ಕೂತಳು. ತಾನು ನೋಡುತ್ತ ಬಂದ ಆ ಚಾಪೆಯ ತುದಿಯಿಂದ ಇವತ್ತು ಜನ ತನ್ನನ್ನು ನೋಡುತ್ತಿದ್ದಾರೆ. ಮದ್ದಳೆಯ ಮೊದಲ ಪೆಟ್ಟು ಬಿದ್ದಾಗ ಎಂಥ ಖುಷಿಯಾಯಿತೆಂದರೆ, ಎದ್ದು ಒಂದು ಸುತ್ತು ಓಡಿಬರೋಣ ಅನಿಸಿತು.

ಕೊಗ್ಗಣ್ಣ ಶುರು ಮಾಡಿದರು. ಏನು ಕಂಠ ಅದು! ಶಿಕಾಗೋ ಪಟ್ಟಣದಲ್ಲಿ ಜನರ ಬಟ್ಟೆ ಒಗೆದು ಬದುಕುವ ಒಬ್ಬ ಮುದುಕಿಯನ್ನು ಕಟ್ಟಿ ನಿಲ್ಲಿಸಿದರು. ಆಕೆ ಬೆಳಿಗ್ಗೆ ಎದ್ದು ಬ್ಯಾಂಕಿಗೆ ಹೋಗುತ್ತಾಳೆ, ಬಾಗಿಲಿಗೆ ಬೀಗ. "ಆ ಬೀಗ ಜಡಿದವನು ನೀನು, ಬಂಡವಾಳವೇ!" ಎಂದು ಬೆರಳು ತೋರಿಸಿದರು.

ವಾರಿಜಾಕ್ಷಿ ಒಂದು ಗುಟುಕು ನೀರು ಕುಡಿದಳು. "ಬೀಗ ಕಂಡಿತು ನಿನಗೆ. ಬಾಗಿಲು ಮಾಡಿಸಿದ್ದು ಯಾರೆಂದು ಕಾಣಲಿಲ್ಲವೇ?" ಎಂದಳು. ಅಷ್ಟೇ, ಆಮೇಲೆ ಅವಳದೇ ಹೊಳೆ. ಮರುಭೂಮಿಯಂಥ ಬಯಲಿನಲ್ಲಿ ರೈಲು ಹಾಕಿದವನು ನಾನು, ಬಡವನ ಮನೆಗೆ ದೀಪ ತಂದವನು ನಾನು. ಏಳುವವನಿಗೆ ಬೀಳುವ ಹಕ್ಕೂ ಉಂಟು, ಬಿದ್ದವನು ತಾನೇ ಏಳುವುದನ್ನು ಕಾಯುವ ತಾಳ್ಮೆ ನಿನಗಿಲ್ಲ. ವ್ಯಾಪಾರದವರ ಸಾಲಿನಿಂದ ಚಪ್ಪಾಳೆ ಬಿತ್ತು. ಕೊಗ್ಗಣ್ಣ ಮೀಸೆಯಲ್ಲೇ ನಕ್ಕು ಹೊಸ ಪೆಟ್ಟು ಹಾಕಿದರು. ಸೇತುವೆ ಕಟ್ಟಿಸಿ ಕೆಲಸ ಕೊಟ್ಟೆ, ಅಣೆಕಟ್ಟು ಕಟ್ಟಿಸಿ ಬೆಳಕು ಕೊಟ್ಟೆ. ಅವಳು ತಿರುಗಿಸಿದಳು. ಯಾರ ತೆರಿಗೆಯಿಂದ? ಪಕ್ಕದ ನಿಲ್ದಾಣದ ವಿಮಾನ ತಲೆಯ ಮೇಲೆ ಹಾರಿಹೋದಾಗೆಲ್ಲ ಇಬ್ಬರೂ ನಿಲ್ಲಿಸಿ, ಸದ್ದು ಅಡಗಿದೊಡನೆ ಮತ್ತೆ ಹಿಡಿಯುತ್ತಿದ್ದರು. ಸೀಬ್‌ನಲ್ಲಿ ಅದೂ ಒಂದು ತಾಳ.

ಕೊನೆಯ ಪದ್ಯಕ್ಕೆ ಸ್ವಲ್ಪವೇ ಉಳಿದಿತ್ತು. "ಹಸಿದವನ ತಟ್ಟೆಗೆ ಅನ್ನ ಹಾಕಿದವನು ನಾನು" ಎಂದರು ಕೊಗ್ಗಣ್ಣ.

"ಅನ್ನವೇ?" ವಾರಿಜಾಕ್ಷಿ ಮೆಲ್ಲಗೆ ಕೇಳಿದಳು. "ಊರೆಲ್ಲ ಹಸಿದಿದ್ದ ಮೂವತ್ತಮೂರರಲ್ಲಿ, ಬೆಲೆ ಏರಲಿ ಎಂದು ಲಕ್ಷಾಂತರ ಹಂದಿಮರಿಗಳನ್ನು ಕೊಲ್ಲಿಸಿದ್ದು ಯಾರು? ಹೊಲದಲ್ಲಿ ಬೆಳೆದು ನಿಂತ ಹತ್ತಿಯನ್ನು ರೈತನಿಗೆ ಹಣ ಕೊಟ್ಟು ಮಣ್ಣಿಗೆ ಉತ್ತು ಹಾಕಿಸಿದ್ದು ಯಾರು? ನಾನಲ್ಲ ಸರಕಾರವೇ. ಅದು ನಿನ್ನ ಕಾನೂನು."

ಕೊಗ್ಗಣ್ಣ ಬಾಯಿ ತೆರೆದರು. ಮಾತು ಬರಲಿಲ್ಲ. ಟೀಚರ್ ಬರೆದುಕೊಟ್ಟ ನೋಟ್ಸಿನ ಕೊನೆಯ ಪುಟದಲ್ಲಿ ಇದೆಲ್ಲ ಇತ್ತು. ಆದರೆ ಅರ್ಥಧಾರಿಗೆ ನೋಟ್ಸ್ ಎಂತಕ್ಕೆ ಎಂದು ಅವರು ಮೊದಲ ಪುಟ ಓದಿ ಮಡಚಿಟ್ಟಿದ್ದರು. ಒಂದು ವಿಮಾನ ಬಂತು. ಜನ ಕಾದರು. ವಿಮಾನ ಹೋಯಿತು. ಇನ್ನೂ ಮಾತಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಗೆದ್ದೆ ಎಂದು ವಾರಿಜಾಕ್ಷಿಯ ಮೈಯೆಲ್ಲ ಕುಣಿಯಿತು. ಮಾತು ನಿಂತದ್ದು ತನ್ನದಲ್ಲ, ಅವರದು. ಇಷ್ಟು ವರ್ಷ ದಮ್ಮಿನ ಮಾತಾಡಿದವರು. ಇನ್ನೊಂದು ವಾಕ್ಯ ಸೇರಿಸಿದರೆ ಮುಗಿಯಿತು, ಆ ಬಲಗಡೆಯ ಕುರ್ಚಿಯೇ ಅಲುಗಾಡುತ್ತದೆ. ನಾಲಿಗೆಯ ತುದಿಯಲ್ಲಿತ್ತು ಆ ವಾಕ್ಯ. ಅಷ್ಟರಲ್ಲಿ ಕಣ್ಣು ಭಾಗವತರ ಕೈಗೆ ಹೋಯಿತು. ಅವರ ತಾಳ ಅರ್ಧಕ್ಕೇ ನಿಂತಿತ್ತು. ಮುಂದಿನದು ಸರಕಾರ ಗೆಲ್ಲುವ ಪದ್ಯ. ಸರಕಾರ ಮೂಕನಾಗಿ ಕೂತರೆ ಅದನ್ನು ಹಾಡುವುದು ಹೇಗೆ? ಪ್ರಸಂಗ ಇಲ್ಲೇ ಸಾಯುತ್ತದೆ. ಅಪ್ಪನ ಕೈಯೂ ಮದ್ದಳೆಯ ಮೇಲೆ ಹೀಗೆ ನಿಂತದ್ದನ್ನು ಒಮ್ಮೆ ನೋಡಿದ್ದಳು. ಆ ಸಂಜೆ ಅಪ್ಪ ಮನೆಗೆ ಬಂದು ಊಟ ಮಾಡಿರಲಿಲ್ಲ.

ಆಕೆ ನಾಲಿಗೆಯ ತುದಿಯ ವಾಕ್ಯವನ್ನು ನುಂಗಿಕೊಂಡಳು.

"ಸುಮ್ಮನಾದೆಯಾ? ಇರಲಿ," ಎಂದಳು, ಬಂಡವಾಳದ ಗತ್ತಿನಲ್ಲೇ. "ಒಂದು ಮಾತು ಹೇಳು. ನಾನು ಬೀಗ ಹಾಕಿದ ಬೆಳಿಗ್ಗೆ ಆ ಬಟ್ಟೆ ಒಗೆಯುವ ಮುದುಕಿ ಯಾರ ಹತ್ತಿರ ಹೋದಳು? ನನ್ನ ಹತ್ತಿರವಂತೂ ಬರಲಿಲ್ಲ."

ಕೊಗ್ಗಣ್ಣ ತಲೆಯೆತ್ತಿ ಅವಳನ್ನು ನೋಡಿದರು. ಅವಳು ದಾರಿ ಬಿಟ್ಟುಕೊಟ್ಟದ್ದು ಅವರಿಗೆ ಅರ್ಥವಾಗಿತ್ತು.

"ನನ್ನ ಹತ್ತಿರ ಬಂದಳು," ಎಂದರು. ದನಿ ಮೆಲ್ಲನೆ ಏರಿತು. "ಹಂದಿಮರಿ ಕೊಲ್ಲಿಸಿದ್ದು ತಪ್ಪು. ಹತ್ತಿ ಮಣ್ಣಿಗೆ ಹಾಕಿಸಿದ್ದು ತಪ್ಪು. ಒಪ್ಪಿದೆ ಬಂಡವಾಳವೇ. ನನ್ನ ತಪ್ಪಿಗೆ ಆ ಮುದುಕಿ ನನ್ನ ಬಾಗಿಲಿಗೆ ಬಂದು ಬೈಯಬಹುದು. ನಾಲ್ಕು ವರ್ಷ ಕಾದು ನನ್ನನ್ನು ಹೊರಗೆ ಹಾಕಬಹುದು. ನಿನ್ನ ಬಾಗಿಲಿಗೆ ಬಂದರೆ ಬೀಗ. ಬೀಗವನ್ನು ಬೈದು ಏನು ಮಾಡುತ್ತಾಳೆ ಅವಳು?"

ಅಂಗಳವೇ ಎದ್ದು ಚಪ್ಪಾಳೆ ಹೊಡೆಯಿತು. ಉಮರಬ್ಬ ಮುಂಡಾಸಿನ ತುದಿಯಿಂದ ಕಣ್ಣೊರೆಸಿಕೊಂಡ. ವಾರಿಜಾಕ್ಷಿ ಕೈ ಮುಗಿದು, "ಲಗಾಮು ಹಾಕು, ಒಪ್ಪಿದೆ. ಓಡುವ ಕಾಲನ್ನು ಮಾತ್ರ ಕಟ್ಟಬೇಡ" ಎಂದು ಸೋತಳು. ಭಾಗವತರು ಎಂದೂ ಇಲ್ಲದಷ್ಟು ಎತ್ತರದ ಶ್ರುತಿಯಲ್ಲಿ ಕೊನೆಯ ಪದ್ಯ ಹಾಡಿದರು.

ಪತ್ತಿರಿಯ ತಟ್ಟೆ ಹಿಡಿದು ಹೆಂಗಸರ ನಡುವೆ ನಿಂತಿದ್ದವಳ ಬಳಿಗೆ ಕೊಗ್ಗಣ್ಣ ನೇರ ಬಂದರು. ಮುಖ ಗಂಟಿಕ್ಕಿತ್ತು.

"ಆ ಪ್ರಶ್ನೆ ಯಾಕೆ ಕೇಳಿದ್ದು, ಟೀಚರೇ? ನನ್ನನ್ನು ಬಿಡಿಸ್ಲಿಕ್ಕಾ?"

"ಪ್ರಸಂಗ ಮುಂದೆ ಹೋಗ್ಬೇಕಲ್ಲ, ಕೊಗ್ಗಣ್ಣ."

ಅವರು ಅತ್ತ ತಿರುಗಿದರು. ಅಂಗಳದ ಆಚೆ ತುದಿಯಲ್ಲಿದ್ದ ಭಾಗವತರನ್ನು ಎಲ್ಲರಿಗೂ ಕೇಳುವಂತೆ ಕೂಗಿ ಕರೆದರು. "ಬರುವ ತಿಂಗಳಿಗೆ ಬೇರೆ ಪ್ರಸಂಗ ನೋಡಿ. ನಾನು ಎಡಗಡೆ ಕೂತ್ಕೊಳ್ತೇನೆ. ಬಲಗಡೆ ಟೀಚರ್."

ವಾರಿಜಾಕ್ಷಿಯ ಕೈಯ ತಟ್ಟೆಯನ್ನು ಹಲೀಮಾ ತೆಗೆದುಕೊಳ್ಳಬೇಕಾಯಿತು, ಇಲ್ಲದಿದ್ದರೆ ಸಾರು ಸೀರೆಯ ಮೇಲಿರುತ್ತಿತ್ತು.

ಮನೆಗೆ ಹೊರಟಾಗ ಸಮುದ್ರದ ಕಡೆ ಇನ್ನೂ ಬೆಳಕಿತ್ತು. ಹಿಂದಿನ ಸೀಟಿನಿಂದ ಮೋಹಿನಿ ಮುಂದಕ್ಕೆ ಬಾಗಿ, "ಅಮ್ಮಾ, ಬಟ್ ಯು ಲಾಸ್ಟ್, ನೋ?" ಎಂದಳು.

"ಹೌದು ಮಗಾ, ಸೋತೆ," ಎಂದು ವಾರಿಜಾಕ್ಷಿ ನಗುತ್ತ ಗಾಜು ಏರಿಸಿದಳು. ಗಂಟಲು ಸರಿಮಾಡಿಕೊಂಡಳು. ಅಭ್ಯಾಸದಂತೆ ಗುರುವನ ಕೈ ಕ್ಯಾಸೆಟ್ ಪ್ಲೇಯರಿಗೆ ಹೋಯಿತು. ಹಾಡುತ್ತಿದ್ದ ಕ್ಯಾಸೆಟ್ಟನ್ನು ಅವನು ನಿಲ್ಲಿಸಿದ.

"ಹ್ಞೂಂ, ಶುರು ಮಾಡು," ಎಂದ.