ಗುರುದೇವಿಯ ಟರ್ಬೊ

ಲಂಡನ್ನಿನ ಅಂಚಿನ ಗ್ರೀನ್‌ಫರ್ಡಿನ ಆ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಗಂಡಸರು ಕಾರು ತೊಳೆಯುತ್ತಿದ್ದರೆ, ಗುರುದೇವಿ ಕಾರಿನ ಕೆಳಗೆ ಮಲಗಿರುತ್ತಿದ್ದಳು. ದಾರಿಹೋಕರಿಗೆ ಕಾಣುತ್ತಿದ್ದುದು ಗಂಡನ ಹಳೆ ಪ್ಯಾಂಟು ತೊಟ್ಟ ಎರಡು ಕಾಲು ಮಾತ್ರ. ಎದುರು ಮನೆಯ ಮುದುಕ ಅವು ಅವಳ ಗಂಡ ಚಂದ್ರಶೇಖರನ ಕಾಲುಗಳೆಂದೇ ತಿಳಿದು ಒಂದು ತಿಂಗಳು ಅವುಗಳಿಗೆ ಗುಡ್ ಮಾರ್ನಿಂಗ್ ಹೇಳಿದ. ಒಂದು ದಿನ ಕೆಳಗಿನಿಂದ ಹೆಂಗಸಿನ ದನಿ ಬಂದಾಗ ಅವನ ಕೈಯಲ್ಲಿದ್ದ ಹಾಲಿನ ಬಾಟಲಿ ಬೀಳುವುದೊಂದು ಬಾಕಿ.

ಅವಳ ಅಪ್ಪನದು ಬೆಳಗಾವಿಯ ಉದ್ಯಮಬಾಗದಲ್ಲಿ ಎರಡು ಲೇಥಿನ ವರ್ಕ್‌ಶಾಪು. ಹತ್ತು ವರ್ಷದವಳಿದ್ದಾಗಲೇ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಮೈಕ್ರೋಮೀಟರ್ ಕೊಟ್ಟು, ಕ್ರ್ಯಾಂಕ್‌ಶಾಫ್ಟ್ ಅಳೆಯಲು ಹಚ್ಚಿದ್ದ. "ಕಬ್ಬಿಣಕ್ಕ ದಯಾ ಇಲ್ಲವಾ ತಂಗಿ. ಕೂದಲಷ್ಟು ತಪ್ಪಿದ್ರೂ ತಪ್ಪೇ" ಎನ್ನುತ್ತಿದ್ದ. ಹುಡುಗಿ ಡಿಪ್ಲೊಮಾ ಮಾಡಿದಳು, ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದ ಚಂದ್ರಶೇಖರನನ್ನು ಮದುವೆಯಾಗಿ ಲಂಡನ್ನಿಗೆ ಬಂದಳು, ಬಂದ ಎರಡನೇ ವರ್ಷಕ್ಕೇ ಗ್ರೀನ್‌ಫರ್ಡಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ತಯಾರಾದ ತುಂಡುಗಳನ್ನು ಅಳೆದು ನೋಡುವ ಇನ್‌ಸ್ಪೆಕ್ಟರ್ ಆದಳು. ಅವಳು ಬೇಡ ಅಂದ ತುಂಡು ಬೇಡ, ಅಷ್ಟೇ. ಮ್ಯಾನೇಜರ್ ಬಂದು ಹಲ್ಲು ಕಿರಿದರೂ ಅದು ವಾಪಸು ಹೋಗಲೇಬೇಕು.

ಇಂಥವಳು ಎರಡು ಸಾವಿರನೇ ಇಸವಿಯಲ್ಲಿ, ನಲವತ್ತು ತುಂಬುವ ಮೊದಲು, ತನ್ನ ಓವರ್‌ಟೈಮಿನ ದುಡ್ಡಲ್ಲಿ ನಾಲ್ಕು ವರ್ಷ ಹಳೆಯದಾದ ಕಡುನೀಲಿ ನಿಸಾನ್ ಸ್ಪೋರ್ಟ್ಸ್ ಕಾರು ತಂದು ಬಾಗಿಲಿಗೆ ನಿಲ್ಲಿಸಿದಳು. ಎರಡೇ ಬಾಗಿಲು, ನೆಲಕ್ಕೆ ತಾಗುವಂಥ ಹೊಟ್ಟೆ, ಒಳಗೆ ಟರ್ಬೊ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಗಂಡ ಹೆಂಡಿರ ಸಂಗತಿ ಅದೇ ಆಗಿತ್ತು. ಚಂದ್ರಶೇಖರ ಮೋಟರ್‌ವೇಯಲ್ಲೂ ಲಾರಿಗಳ ಹಿಂದೆಯೇ ನೆಮ್ಮದಿಯಾಗಿ ಹೋಗುವ ಮನುಷ್ಯ.

"ಇದಕ್ಕ ಎಷ್ಟು ಎಚ್‌ಪಿ ಐತಿ?" ಎಂದು ಕೇಳಿದವಳು ಅತ್ತೆ ಬಸಲಿಂಗವ್ವ. ಮಗನ ಜೊತೆ ಇರಲು ಬಂದು ಮೂರು ವರ್ಷವಾಗಿತ್ತು, ಹೊಲ ಮಾತ್ರ ಇನ್ನೂ ತಲೆಯಲ್ಲೇ ಇತ್ತು.

"ಇನ್ನೂರು ಐತ್ರಿ ಅತ್ತಿ. ಇನ್ನೂರಾ ಐವತ್ತು ಮಾಡ್ತೀನಿ."

"ಅಯ್ಯ ಶಿವನ! ನಮ್ಮ ಬಾವಿ ಪಂಪು ಐದು. ಐವತ್ತು ಬಾವಿ ನೀರು ಎತ್ತೂ ಶಕ್ತಿ ತಗೊಂಡು ನೀ ಕಾಯಿಪಲ್ಲೆ ತರಾಕ ಹೊಕ್ಕೀ?"

ಗುರುದೇವಿ ನಕ್ಕು, ಬಾನೆಟ್ ಎತ್ತಿ ತೋರಿಸಿದಳು. ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗುವ ಒಂದು ಸಣ್ಣ ಚಕ್ರ ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುತ್ತದೆ, ಗಾಳಿ ಹೆಚ್ಚಾದಷ್ಟು ಪೆಟ್ರೋಲು ಹೆಚ್ಚು, ಪೆಟ್ರೋಲು ಹೆಚ್ಚಾದಷ್ಟು ಬಲ ಹೆಚ್ಚು ಎಂದು ವಿವರಿಸಿದಳು. ವ್ಯರ್ಥವಾಗಿ ಹೋಗುವ ಹೊಗೆಯನ್ನೇ ದುಡಿಸಿಕೊಳ್ಳುವ ಈ ಉಪಾಯ ಅತ್ತೆಗೆ ಭಾರಿ ಮೆಚ್ಚಿಗೆಯಾಯಿತು. ಮಜ್ಜಿಗೆ ಕಡೆದ ನೀರನ್ನೂ ಚೆಲ್ಲದ ಹೆಂಗಸು ಅದು.

ಒಂದು ವರ್ಷ ಗುರುದೇವಿ ಆ ಕಾರಿನ ಬೆನ್ನು ಬಿಡಲಿಲ್ಲ. ಎಂಜಿನ್ನಿಗೆ ಬಿಗಿಯಾಗಿ ಉಸಿರು ಕಟ್ಟಿಸುತ್ತಿದ್ದ ಹಳೆಯ ಗಾಳಿಪೆಟ್ಟಿಗೆ ತೆಗೆದು ಬಾಯಿ ತೆರೆದ ಶಂಕುವಿನಾಕಾರದ ಫಿಲ್ಟರ್ ಹಾಕಿದಳು. ದೊಡ್ಡ ಪೆಟ್ರೋಲ್ ಪಂಪು ಬಂತು, ಅಗಲದ ಹೊಗೆನಳಿಗೆ ಬಂತು. ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಗೆ ಹೊಸ ಚಿಪ್ಪು ಅಂಚೆಯಲ್ಲಿ ತರಿಸಿ ತಾನೇ ಬೆಸುಗೆ ಹಾಕಿದಳು. ಒಂದೊಂದು ಬದಲಾವಣೆಗೂ ಮುಂಚೆ ಅಳತೆ, ಆಮೇಲೆ ಅಳತೆ, ಎಲ್ಲವೂ ನೋಟ್‌ಬುಕ್ಕಿನಲ್ಲಿ. ಅವಳು ಸೇರಿಕೊಂಡಿದ್ದ ಕಾರು ಕ್ಲಬ್ಬಿನ ಹುಡುಗರು ಆವೇಶದಲ್ಲಿ ಮಾಡಿ ಎಂಜಿನ್ ಸುಟ್ಟುಕೊಳ್ಳುತ್ತಿದ್ದ ಕೆಲಸವನ್ನು ಇವಳು ರೊಟ್ಟಿ ಬಡಿದಷ್ಟು ಹದವಾಗಿ ಮಾಡಿದಳು.

ಇನ್ನು ಅವಳ ಸಿಟ್ಟಿನ ವಿಷಯ. ಅದು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಕೆಂಟನ್ನಿನ ಸಭಾಭವನದಲ್ಲಿ ಕನ್ನಡಿಗರ ಗಣೇಶ ಹಬ್ಬ ನಡೆದಾಗ, ಊಟದ ಸಾಲಿನಲ್ಲಿ ಸತ್ಯಪ್ರಕಾಶ ಅವಳ ಹಿಂದೆ ನಿಂತಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಆಸಾಮಿ, ಸಟನ್ನಿನಲ್ಲಿ ಮನೆ, ಅವನ ಬಳಿಯೂ ಒಂದು ವೇಗದ ಕಾರಿತ್ತು. ಅದರ ಎಣ್ಣೆ ಎಲ್ಲಿ ಹಾಕುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

"ಏನ್ ಮೇಡಂ, ಕಾರು ಸಖತ್ತಾಗಿದೆ. ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?"

"ನಾನೇ ಮಾಡೀನ್ರಿ."

"ಅಯ್ಯೋ ಬಿಡಿ ಮೇಡಂ, ತಮಾಷೆ ಮಾಡ್ಬೇಡಿ. ನಮ್ಮ ಸರ್ ಯಾರ ಕೈಲೋ ಮಾಡಿಸಿರ್ತಾರೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಚಂದ್ರಶೇಖರನೂ ಸ್ವಲ್ಪ ನಕ್ಕ, ಪಾಪ, ಅಭ್ಯಾಸಬಲ. ಗುರುದೇವಿ ತಟ್ಟೆ ಕೆಳಗಿಟ್ಟಳು.

"ಕೇಳ್ರಿ ಎಲ್ಲಾರೂ. ದೀಪಾವಳಿಯೊಳಗ, ಒಬ್ಬ ಮೆಕ್ಯಾನಿಕನ ಕೈ ಹಚ್ಚಿಸದ, ಈ ಗಾಡೀನ ಇನ್ನೂರಾ ಐವತ್ತಕ್ಕ ಒಯ್ತೀನಿ. ಮಷಿನ್ ಬರದುಕೊಟ್ಟ ಕಾಗದ ತಂದು ತೋರಸ್ತೀನಿ. ಆಗಲಿಲ್ಲಂದ್ರ ಗಾಡಿ ಮಾರತೀನಿ. ಈ ಗಣಪ್ಪನ ಮುಂದ ಹೇಳೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಚಂದ್ರಶೇಖರ, "ಏನು ಹುಚ್ಚಿ ಇದ್ದೀಯಾ? ಯಾರು ಕೇಳಿದ್ರು ನಿನ್ನ?" ಎಂದು ಗೊಣಗಿದ. ಅವಳು ರಸ್ತೆಯ ಮೇಲೆ ಕಣ್ಣಿಟ್ಟು ಗೇರು ಬದಲಿಸಿದಳು. ಆ ಕಾರು ಕಳೆದುಕೊಳ್ಳುವುದು ಅವಳಿಗೆ ಬೇಕಿರಲಿಲ್ಲ, ಆದರೆ ಮಾತು ವಾಪಸು ತಗೊಳ್ಳುವ ಯೋಚನೆ ಬರಲೇ ಇಲ್ಲ.

ಆಯುಧಪೂಜೆ ಬಂತು. ಬೆಳಿಗ್ಗೆ ಕಾರು ತೊಳೆದು, ಫಿಲ್ಟರನ್ನೂ ಬಿಚ್ಚಿ ತೊಳೆದು ಒಣಗಲಿಟ್ಟಳು. ಬಸಲಿಂಗವ್ವ ಸೀರೆಯ ಮೇಲೆ ಸ್ವೆಟರ್ ಏರಿಸಿ, ತಟ್ಟೆಯಲ್ಲಿ ಕಾಯಿ, ನಿಂಬೆಹಣ್ಣು, ನೀರಲ್ಲಿ ಕಲಸಿದ ವಿಭೂತಿ ತಂದಳು. ಗಾಲಿಗೆ, ಸ್ಟೀರಿಂಗಿಗೆ, ಎಂಜಿನ್ನಿಗೆ ಮೂರು ಮೂರು ಪಟ್ಟೆ ಎಳೆದ ಮೇಲೆ, "ಇದು ಉಸಿರು ತಗೊಳ್ಳೂದು ಎಲ್ಲಿಂದ?" ಎಂದಳು.

"ಇಲ್ಲೇ ನೋಡ್ರಿ, ಇದರ ಮೂಗು" ಎಂದು ಗುರುದೇವಿ ಫಿಲ್ಟರ್ ಬಿಚ್ಚಿದ್ದ ಕೊಳವೆಯ ಬಾಯಿ ತೋರಿಸಿದಳು. "ಇಲ್ಲಿಗೂ ಹಚ್ಚರಿ ಅತ್ತಿ, ಚಂದಾಗಿ ಹಚ್ಚರಿ."

ಅತ್ತೆ ಕಂಜೂಸುತನ ಮಾಡಲಿಲ್ಲ. ಬಾಯಿಯ ಸುತ್ತಲೂ, ಬೆರಳು ಹೋದಷ್ಟು ಒಳಗೂ, ದಪ್ಪಗೆ ವಿಭೂತಿ ಬಳಿದಳು. ಅಷ್ಟರಲ್ಲಿ ಕಾಯಿ ಒಡೆದರು, ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಿದರು, ಒಳಗೆ ಹೋಳಿಗೆ ಬಿಸಿಯಿತ್ತು. ಸಂಜೆ ಫಿಲ್ಟರ್ ಒಣಗಿದ ಮೇಲೆ ಗುರುದೇವಿ ಅದನ್ನು ಹಾಗೆಯೇ ಮೇಲಿಟ್ಟು ಬಿಗಿದಳು. ಮೈಕ್ರಾನ್ ಲೆಕ್ಕದಲ್ಲಿ ಬದುಕುವ ಹೆಂಗಸು, ಹಬ್ಬದ ಖುಷಿಯಲ್ಲಿ ಒಳಗೆ ನೋಡುವುದನ್ನೇ ಮರೆತುಬಿಟ್ಟಳು! ಮರುದಿನದಿಂದ ಕಾರು ಸ್ವಲ್ಪ ಮಂಕಾದಂತೆ ಅನಿಸಿತು. ಪೆಟ್ರೋಲು ಸರಿಯಿಲ್ಲವೆಂದು ಬಂಕಿನವನನ್ನು ಬೈದಳು.

ದೀಪಾವಳಿಗೆ ಹತ್ತು ದಿನ ಮೊದಲು ಕ್ಲಬ್ಬಿನವರು ಕ್ರಾಯ್ಡನ್ ಕಡೆಯ ಒಂದು ಗ್ಯಾರೇಜಿನಲ್ಲಿ ಬಲ ಅಳೆಯುವ ದಿನ ಇಟ್ಟುಕೊಂಡಿದ್ದರು. ನೆಲದಲ್ಲಿ ಹೂತ ಉರುಳೆಗಳ ಮೇಲೆ ಕಾರು ನಿಂತಲ್ಲೇ ಓಡುತ್ತದೆ, ಎಷ್ಟು ಬಲ ಕೊಟ್ಟಿತೆಂದು ಯಂತ್ರ ಕಾಗದದ ಮೇಲೆ ಬರೆದುಕೊಡುತ್ತದೆ. ಒಂದು ಕಾರಿಗೆ ಎರಡು ಸರದಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಬಸಲಿಂಗವ್ವ ಹಟ ಮಾಡಿ ಜೊತೆಗೆ ಬಂದಿದ್ದಳು. ಚಂದ್ರಶೇಖರ ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಮಂಡಿ ಎದೆಗೆ ಒತ್ತಿಕೊಂಡು ಬಂದ. ಸತ್ಯಪ್ರಕಾಶ ಕ್ಯಾಮೆರಾ ಹಿಡಿದು ಮೊದಲೇ ಹಾಜರ್.

ಮೊದಲ ಸರದಿಯಲ್ಲಿ ಎಂಜಿನ್ ಏರುತ್ತ ಏರುತ್ತ ಒಳಗಿನಿಂದ ಕಟಕಟ ಸದ್ದು ಬಂತು. ಉರುಳೆ ನಡೆಸುವ ಮೀಸೆಯವನು ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದ. ಕಾಗದದ ಮೇಲೆ ನೂರಾ ಎಂಬತ್ತೇಳು. ಹೊಸದಿದ್ದಾಗ ಕೊಡುತ್ತಿದ್ದಷ್ಟೂ ಇಲ್ಲ.

"ಎಂಜಿನ್ ಮುಗೀತಮ್ಮ" ಎಂದ ಅವನು ಇಂಗ್ಲಿಷಿನಲ್ಲಿ, ಕೆಟ್ಟ ಮನಸ್ಸಿನಿಂದಲ್ಲ. "ಇನ್ನೊಂದು ಸಲ ಹೀಗೆ ಓಡಿಸಿದರೆ ಪಿಸ್ಟನ್ ತೂತಾಗುತ್ತೆ. ಬಂದಷ್ಟಕ್ಕೆ ಮಾರಿಬಿಡಿ."

ಸತ್ಯಪ್ರಕಾಶ ಕ್ಯಾಮೆರಾ ಕೆಳಗಿಳಿಸಿದ. ಚಂದ್ರಶೇಖರ ಮೆಲ್ಲಗೆ, "ಹೋಗೂಣ ಬಾ" ಎಂದ.

"ನೀವು ಬೇಕಾದ್ರ ಚಹಾ ಕುಡದು ಬರ್ರಿ. ಮಧ್ಯಾಹ್ನದ ತನಕ ಟೈಮ್ ಐತಿ ನನಗ" ಎಂದಳು ಗುರುದೇವಿ. ಕಾರನ್ನು ಅಂಗಳದ ಮೂಲೆಗೆ ತಂದು ಬಾನೆಟ್ ಎತ್ತಿದಳು. ಪೆಟ್ರೋಲಿನ ಒತ್ತಡ ನೋಡಿದಳು, ಸರಿ ಇತ್ತು. ಪ್ಲಗ್ಗು ಬಿಚ್ಚಿದಳು, ನಾಲ್ಕೂ ಬೆಳ್ಳಗೆ ಬೆಂದಿದ್ದವು, ಅಂದರೆ ಗಾಳಿಗೆ ತಕ್ಕ ಪೆಟ್ರೋಲು ಬರುತ್ತಿಲ್ಲ. ಯಾಕೆ ಬರುತ್ತಿಲ್ಲ? ಫಿಲ್ಟರಿನ ಹಿಂದೆ ಕೂದಲೆಳೆಯಂಥ ಬಿಸಿ ತಂತಿಯೊಂದು ಇರುತ್ತದೆ. ಎಷ್ಟು ಗಾಳಿ ಹೋಯಿತೆಂದು ಅಳೆದು ಕಂಪ್ಯೂಟರಿಗೆ ಹೇಳುವುದು ಅದೇ. ಅದರ ವೋಲ್ಟೇಜು ಅಳೆದು ನೋಟ್‌ಬುಕ್ಕಿಗೆ ಹೋಲಿಸಿದಳು. ಹಬ್ಬಕ್ಕಿಂತ ಹಿಂದಿನ ವಾರ ಇದ್ದುದಕ್ಕೂ ಈಗಿನದಕ್ಕೂ ತಾಳೆಯೇ ಇಲ್ಲ.

ಫಿಲ್ಟರ್ ಬಿಚ್ಚಿ ಟಾರ್ಚು ಬಿಟ್ಟಳು. ಕೊಳವೆಯ ಒಳಮೈ ಎಲ್ಲ ಬೂದಿ, ತಂತಿಗೆ ವಿಭೂತಿಯ ಕವಚ. ಒಣಗಿದ ಪುಡಿಯನ್ನು ಎಂಜಿನ್ ಹತ್ತು ದಿನ ಎಳೆದುಕೊಂಡಿತ್ತು. ತಂತಿ ಕುರುಡಾಗಿ, ಬಂದ ಗಾಳಿಗಿಂತ ಕಡಿಮೆ ಲೆಕ್ಕ ಹೇಳಿತ್ತು.

ಬಸಲಿಂಗವ್ವ ಬಗ್ಗಿ ನೋಡಿದಳು. ಅವಳಿಗೆ ಅರ್ಥವಾಗಲು ಯಾರೂ ಏನೂ ಹೇಳಬೇಕಿರಲಿಲ್ಲ. "ಅಯ್ಯ ಯವ್ವಾ, ನನ್ನ ಕೈಲೇ ಆತಲ್ಲ! ನಿನ್ನ ಗಾಡಿ ನಾ ಕೊಂದ್ನಲ್ಲ!"

"ನೀವೇನು ಮಾಡೀರಿ? ಹಚ್ಚರಿ ಅಂತ ಮೂಗು ತೋರಿಸಿದಾಕಿ ನಾ. ಮುಚ್ಚೂ ಮುಂದ ನೋಡಲಾರದ ಮುಚ್ಚಿದಾಕೀನೂ ನಾ" ಎಂದಳು ಗುರುದೇವಿ. ಆದರೆ ಒರೆಸಲು ಬಟ್ಟೆ ತೆಗೆದುಕೊಂಡವಳ ಕೈ ನಿಂತಿತು. ವಿಭೂತಿ ಅಲ್ಲವೇ.

ಅತ್ತೆಯೇ ಬಟ್ಟೆ ಕಸಿದುಕೊಂಡಳು. "ಶಿವಾ ಒಳಗ ಇರ್ಲಿ, ಬೂದಿ ಹೊರಗ ಬರ್ಲಿ" ಎಂದು ತಾನೇ ಕೊಳವೆ ಒರೆಸಿದಳು. ತಂತಿಗೆ ಮಾತ್ರ ಬಟ್ಟೆ ತಾಗಿಸುವಂತಿರಲಿಲ್ಲ. ಗುರುದೇವಿ ಗ್ಯಾರೇಜಿನವರಿಂದ ಸ್ಪಿರಿಟ್ಟಿನ ಡಬ್ಬಿ ತಂದು, ಉಸಿರು ಬಿಗಿಹಿಡಿದು, ಬೂದಿ ತೊಳೆದುಹೋಗಿ ತಂತಿ ಮಿನುಗುವವರೆಗೆ ಸಿಂಪಡಿಸಿದಳು. ಹೊಸ ಪ್ಲಗ್ಗು ಹಾಕಿ ಮತ್ತೆ ಅಳೆದಾಗ ವೋಲ್ಟೇಜು ಹಳೆಯ ಜಾಗಕ್ಕೆ ಬಂದಿತ್ತು.

"ಇನ್ನೊಂದು ಸಲ ಓಡಿಸ್ತೀರಾ?" ಮೀಸೆಯವನಿಗೆ ನಂಬಿಕೆಯಿರಲಿಲ್ಲ. "ಒಡೆದರೆ ನನ್ನನ್ನು ಕೇಳಬೇಡಿ."

"ಒಡೆಯೋದಿಲ್ಲ" ಎಂದಳು ಅವಳೂ ಇಂಗ್ಲಿಷಿನಲ್ಲಿ.

ಕಾರು ಏರಿತು. ಕಟಕಟವಿಲ್ಲ, ತಡವರಿಕೆಯಿಲ್ಲ, ಟರ್ಬೊದ ಸಿಳ್ಳು ಶೆಡ್ಡಿನ ತಗಡು ಅದುರುವಂತೆ ಏರುತ್ತ ಹೋಯಿತು. ಬಸಲಿಂಗವ್ವ ಕಿವಿ ಮುಚ್ಚಿಕೊಂಡು ಕಣ್ಣು ಅರಳಿಸಿ ನಿಂತಿದ್ದಳು. ಕಾಗದ ಹೊರಬಂತು. ಇನ್ನೂರಾ ನಲವತ್ತೇಳು.

ಮೀಸೆಯವನು ಟೋಪಿ ತೆಗೆದ. ಕ್ಲಬ್ಬಿನ ಹುಡುಗರು ಚಪ್ಪಾಳೆ ಹೊಡೆದರು. ಸತ್ಯಪ್ರಕಾಶ ಓಡಿಬಂದು, "ಮೇಡಂ, ಕ್ಷಮಿಸಿಬಿಡಿ, ನಾನು ಅವತ್ತು ಬಾಯಿಗೆ ಬಂದಂಗೆ ಮಾತಾಡಿದೆ. ಇದು ಇನ್ನೂರೈವತ್ತೇ! ಎಲ್ರಿಗೂ ಹಾಗೇ ಹೇಳ್ತೀನಿ" ಎಂದ. ಮನಸ್ಸಿನಿಂದಲೇ ಹೇಳಿದ.

ಗುರುದೇವಿ ಕಾಗದವನ್ನೇ ನೋಡುತ್ತಿದ್ದಳು. "ನಲವತ್ತೇಳ ಐತಲ್ರಿ" ಎಂದಳು.

ಟರ್ಬೊ ಒತ್ತುವ ಗಾಳಿ ಹೆಚ್ಚಿಸುವ ಬೂಸ್ಟ್ ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಉಳಿದ ಮೂರು ಕುದುರೆಯ ಬಲ ಸಿಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತು. ಆದರೆ ಸರದಿ ಎರಡೇ, ಎರಡೂ ಮುಗಿದಿದ್ದವು. ದೀಪಾವಳಿಯೊಳಗೆ ಇನ್ನೊಂದು ದಿನ ಎಲ್ಲೂ ಸಿಗಲಿಲ್ಲ. ಮೂರು ದಿನ ಫೋನ್ ಮಾಡಿ ಮಾಡಿ ಸೋತು, ನಾಲ್ಕನೇ ದಿನ ಪತ್ರಿಕೆಗೆ ಜಾಹೀರಾತು ಬರೆಯಲು ಕೂತಳು.

ಚಂದ್ರಶೇಖರ ಬಂದು ಪೆನ್ನು ಹಿಡಿದುಕೊಂಡ. ಒಂದೂವರೆ ವರ್ಷ ಆ ಕಾರನ್ನು ಶಪಿಸಿದ ಮನುಷ್ಯ! "ಬ್ಯಾಡ ಗುರುದೇವಿ. ಮೂರು ಕುದುರಿ! ಅಷ್ಟಕ್ಕ ಯಾರು ಕೇಳ್ತಾರ ನಿನ್ನ?"

"ನಾ ಕೇಳ್ತೀನಲ್ರಿ" ಎಂದಳು. "ದಿನಾ ಮಂದೀ ತುಂಡು ಅಳದು, ಕೂದಲಷ್ಟು ಕಡಿಮಿ ಐತಿ ಅಂತ ವಾಪಸ್ ಕಳಸಾಕಿ ನಾ. ನನ್ನ ಪಾಳಿ ಬಂದಾಗ ನಡೀತೈತಿ ಬಿಡು ಅನ್ಲೇನು?"

ಅವನು ಪೆನ್ನು ಬಿಟ್ಟ.

ಜಾಹೀರಾತಿನಲ್ಲೂ ಇನ್ನೂರಾ ನಲವತ್ತೇಳು ಎಂದೇ ಬರೆದಳು. ದೀಪಾವಳಿ ಕಳೆದ ಶುಕ್ರವಾರ ಮಧ್ಯಾಹ್ನ ಒಬ್ಬಳು ಆಂಬ್ಯುಲೆನ್ಸ್ ಚಾಲಕಿ ಬಂದಳು. "ಎಲ್ಲರೂ ಇನ್ನೂರೈವತ್ತು, ಮುನ್ನೂರು ಅಂತ ಬರೀತಾರೆ. ನೀವೊಬ್ಬರೇ ನಲವತ್ತೇಳು ಅಂತ ಬರೆದಿದ್ರಿ, ಅದಕ್ಕೇ ಬಂದೆ" ಎಂದಳು. ಚೌಕಾಸಿಯನ್ನೇ ಮಾಡಲಿಲ್ಲ. ಗುರುದೇವಿ ನೋಟ್‌ಬುಕ್ಕನ್ನೂ ಅವಳ ಕೈಗಿಟ್ಟು, ತಣ್ಣಗಿರುವಾಗ ಎಂಜಿನ್ನನ್ನು ಜೋರು ಮಾಡಬೇಡ ಎಂದು ಎರಡು ಸಲ ಹೇಳಿದಳು.

ನೀಲಿ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೆಟ್ಟಗೆ ನಿಂತಿದ್ದಳು. ಆಮೇಲೆ ಮನೆಯ ಪಕ್ಕದ ಖಾಲಿ ಗ್ಯಾರೇಜಿನ ನೆಲದ ಮೇಲೆ ಕುಸಿದು, ತವರಿನಿಂದ ಬೀಳ್ಕೊಟ್ಟ ದಿನ ಅತ್ತಂತೆ ಗಟ್ಟಿಯಾಗಿ ಅತ್ತಳು. ಬಸಲಿಂಗವ್ವ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಹೋಗ್ಲಿ ಬಿಡು, ಕಾರಲ್ಲವೇ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

"ಅಳು. ಮಾತು ಉಳಿಸಿಕೊಂಡಾಕಿ ಅತ್ರ ತಪ್ಪಿಲ್ಲ" ಎಂದಳು.

ಸ್ವಲ್ಪ ಹೊತ್ತಾದ ಮೇಲೆ ಗುರುದೇವಿ ತೋಳಿನಿಂದ ಮುಖ ಒರೆಸಿಕೊಂಡು ಎದ್ದಳು. ನೆಲದ ಎಣ್ಣೆಕಲೆ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು.

"ನಾಳೆ ಶನಿವಾರ. ಈ ನೆಲಾ ತೊಳೀಬೇಕು, ಹೊಸಾದು ತರೂಕಿಂತ ಮೊದಲ."

"ಹೊಸಾದು?" ಎಂದ ಚಂದ್ರಶೇಖರ. "ಎಷ್ಟು ಎಚ್‌ಪೀದು?"

"ಈ ಸಲ ನಾ ಯಾರ ಮುಂದೂ ಹೇಳೂದಿಲ್ರಿ" ಎಂದು ಗುರುದೇವಿ ಕಸಬರಿಗೆ ತರಲು ಹೋದಳು.