ಬಾಯಿಮಾತಿನ ಹುಕುಂ

ಹೋದ ತಿಂಗಳು, ಧಾರವಾಡದಲ್ಲಿ ನಾನು ಊಟ ಮಾಡುವ ಖಾನಾವಳಿಯ ಹಿತ್ತಲಲ್ಲಿ ಯಾರೋ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಾದ ಹಿತ್ತಾಳೆಗೆ ನವಸಾಗರದ ಪುಡಿ ತಾಗಿದೊಡನೆ ಏಳುವ ಬಿಳಿ ಹೊಗೆ ಮೂಗಿಗೆ ಬಡಿಯಿತು. ಓದುತ್ತಿದ್ದ ಕಾನೂನು ಪುಸ್ತಕವನ್ನು ಮುಚ್ಚಿಟ್ಟೆ. ಮುಂದೆ ಓದಲಾಗಲಿಲ್ಲ...

ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಇರುವ ನಮ್ಮೂರಿನಲ್ಲಿ, ಬಸ್ಸು ನಿಲ್ಲುವ ಕಡೆ, ರಸ್ತೆಯಂಚಿಗೆ ಒಂದು ತಗಡಿನ ಮಾಡು ಇತ್ತು. ಅದು ಕಲಾಯಿ ಸಾಬರ ಅಂಗಡಿ. ಅವರ ತಂದೆಯೂ ಅಲ್ಲೇ ಕೂತು ಕುಲುಮೆಯ ತಿದಿ ಒತ್ತಿದವರು. ತಾಳಗುಂದದ ಕಡೆಯವರು ಕೂಡ ಮದುವೆಗೆ ಮುಂಚೆ ಕೊಳಗ, ತಪ್ಪಲೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಅವರಲ್ಲಿಗೇ ಬರುತ್ತಿದ್ದರು.

ಹೊಸ ಮೈಸೂರು ರಾಜ್ಯ ಕೂಡಿಕೊಂಡ ಮರುವರ್ಷದ ಮಾತು. ನಾನು ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ರಜಕ್ಕೆ ಬಂದಿದ್ದೆ. ವಿಷಯ: 'ಲಿಖಿತ ಸಂವಿಧಾನವೇ ಪ್ರಜೆಯ ರಕ್ಷೆ'. ಚೀಟಿ ಎತ್ತಿದಾಗ ಪರವಾಗಿ ಮಾತಾಡುವುದು ನನ್ನ ಪಾಲಿಗೆ ಬಂದಿತ್ತು. ವಿರೋಧವಾಗಿ ಬಂದಿದ್ದರೂ ಗೆಲ್ಲುತ್ತಿದ್ದೆ ಎಂಬ ಸೊಕ್ಕು ಬೇರೆ. ಅದೇ ಭಾಷಣವನ್ನು ಸಾಬರ ಮುಂದೆಯೂ ಬಿಚ್ಚಿದೆ. ರಾಜನ ಬಾಯಿಮಾತು ಬೆಳಗ್ಗೆ ಒಂದು, ಸಂಜೆಗೆ ಇನ್ನೊಂದು. ಬರೆದಿಟ್ಟ ಮಾತು ಬರೆದವನನ್ನೂ ಕಟ್ಟಿಹಾಕುತ್ತದೆ. ಸರ್ಕಾರ ಗೆರೆ ದಾಟಿದರೆ ಆ ಗೆರೆ ತೋರಿಸಿ ಕೋರ್ಟಿನಲ್ಲಿ ಕೇಳಬಹುದು...

ಸಾಬರು ಅರಳೆಯಿಂದ ತವರ ಉಜ್ಜುತ್ತಲೇ ಕೇಳಿಸಿಕೊಂಡರು. "ಅಂದ್ರೆ ಸರ್ಕಾರಾನೂ ನಮಗೆ ಕರಾರು ಬರ್ಕೊಟ್ಟೈತೆ ಅನ್ನು."

"ನೀವೇ ಬರೆದು ಅದಕ್ಕೆ ಕೊಟ್ಟಿರೋದು, ಸಾಬ್ರೆ. 'ಭಾರತದ ಜನರಾದ ನಾವು' ಅಂತಲೇ ಶುರುವಾಗುತ್ತೆ."

"ನಾನಾ? ಹೆಬ್ಬೆಟ್ಟು ಒತ್ತಿದ್ದೂ ನೆನಪಿಲ್ವಲ್ಲೋ ತಮ್ಮಾ!" ಎಂದು ನಕ್ಕರು.

ಅದಾಗಿ ನಾಲ್ಕು ದಿನಕ್ಕೆ ತಾಲ್ಲೂಕು ಕಚೇರಿಯ ಜವಾನ ಬಂದ. ನಾನು ಅಲ್ಲೇ ಕೂತಿದ್ದೆ.

"ಸಾಬ್ರೆ, ಸೋಮವಾರದೊಳಗೆ ಕಿತ್ಕಂಡ್ಬಿಡ್ರಿ. ಮಂತ್ರಿಗಳು ಬರ್ತಾರಂತೆ, ರಸ್ತೆ ಬದಿ ಖಾಲಿ ಕಾಣ್ಬೇಕಂತೆ. ಸಂತೆ ಮಾಳದಾಗೆ ಜಾಗ ಐತಿ. ಮೊದ್ಲು ಹೋದೋರಿಗೆ ಒಳ್ಳೇದು."

ಪಕ್ಕದ ಸೈಕಲ್ ರಿಪೇರಿಯವನು, ಎಲೆ ಅಡಿಕೆಯವನು ಆವತ್ತೇ ಗಂಟು ಕಟ್ಟಿದರು. ಸಾಬರು ನನ್ನ ಮುಖ ನೋಡಿದರು. ನಾನು ಎದ್ದು ನಿಂತು, ಬರೆದು ಕೊಡಿ ಎಂದೆ. ಕಾನೂನಿನ ಆಧಾರವಿಲ್ಲದೆ ಯಾರ ಕಸುಬಿಗೂ ಅಡ್ಡ ಬರುವಂತಿಲ್ಲ, ಲಿಖಿತ ಆದೇಶ ಬರುವವರೆಗೆ ಇವರು ಕದಲುವುದಿಲ್ಲ ಎಂದೆ.

"ಬರ್ಕೊಡೋ ಹಂಗಿದ್ರೆ ಕಾಗದಾನೇ ಬರ್ತಿತ್ತು, ನಾನ್ಯಾಕೆ ಬಿಸ್ಲಾಗೆ ಬರ್ಲಿ ಸಾಮಿ?" ಎಂದು ಜವಾನ ಹೊರಟುಹೋದ. ಅವನು ಅಷ್ಟರಲ್ಲೇ ಎಲ್ಲವನ್ನೂ ಹೇಳಿಬಿಟ್ಟಿದ್ದ. ನನಗೆ ಕೇಳಿಸಲಿಲ್ಲ.

ಮರುದಿನದಿಂದ ಸಾಬರು ಕರಿಕೋಟು ತೊಟ್ಟು ಕಚೇರಿಗೆ ಹೋಗತೊಡಗಿದರು. ಮೂರನೆಯ ದಿನ ಅಧಿಕಾರಿ ಸಿಕ್ಕರು. ಕೂರಿಸಿ ಮಾತಾಡಿಸಿದರಂತೆ. "ತೆಗೀರಿ ಅಂತ ಯಾರ್ರೀ ಹೇಳಿದ್ದು? ನಾವು ಯಾವ ಆರ್ಡರೂ ಮಾಡಿಲ್ಲವಲ್ಲ!" ಸಾಬರು ವಾಪಸು ಬಂದು ತಮ್ಮ ಮನೆಯ ಜಗಲಿಯಲ್ಲಿ ಇದನ್ನು ಹೇಳಿದಾಗ ನಾನು ಕುಣಿದಾಡುವುದೊಂದು ಬಾಕಿ. ಆದೇಶವೇ ಇಲ್ಲ, ಗೆದ್ದೆವು ಎಂದೆ. ಅವರ ಹೆಂಡತಿ ಮಾತ್ರ ಬಾಗಿಲ ಹಿಂದಿನಿಂದ, "ಮಾಳದಾಗೆ ಒಂದು ಮೂಲೆನಾದ್ರೂ ಹಿಡೀರಿ ಅಂದ್ರೆ ಕೇಳ್ವಲ್ರು" ಎಂದರು. ಆ ಮಾತಿಗೆ ನಾನು ಅಡ್ಡಬಂದೆ. ಮಾಳಕ್ಕೆ ಹೋದರೆ ನೀವೇ ಒಪ್ಪಿದಂತಾಗುತ್ತದೆ ಎಂದು ವಾದಿಸಿದೆ.

ಸೋಮವಾರ ಬೆಳಗ್ಗೆ ಎರಡು ಗಾಡಿ, ಆರೇಳು ಆಳು ಬಂದರು. ತಗಡು ಕಿತ್ತರು, ಕುಲುಮೆಗೆ ಮಣ್ಣು ತುಂಬಿದರು. ಯಾರ ಅಪ್ಪಣೆ ಎಂದು ಕೂಗಾಡಿದೆ. ಮೇಸ್ತ್ರಿ ಹೇಳಿದ್ದು ಎಂದರು. ಯಾವ ಮೇಸ್ತ್ರಿಯೋ ಅವರಿಗೂ ತಿಳಿಯದು. ಕಚೇರಿಯವರು, ರಸ್ತೆ ಇಲಾಖೆಯವರನ್ನು ಕೇಳಿ ಎಂದರು. ರಸ್ತೆಯವರು, ಕಚೇರಿಯವರನ್ನು ಕೇಳಿ ಎಂದರು. ಸಂತೆ ಮಾಳದಲ್ಲಿ ಅಷ್ಟುಹೊತ್ತಿಗೆ ಗೇಣು ಜಾಗವೂ ಉಳಿದಿರಲಿಲ್ಲ. ಶಿವಮೊಗ್ಗದ ವಕೀಲರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಎಲ್ಲ ಕೇಳಿ, ಅವರು ಕೈ ಚಾಚಿದರು: "ಆರ್ಡರಿನ ನಕಲು ಕೊಡಿ. ಯಾವುದನ್ನ ರದ್ದು ಮಾಡಿ ಅಂತ ಕೇಳಲಿ?"

ವಾಪಸು ಬರುವ ಬಸ್ಸಿನಲ್ಲಿ, ಸಂವಿಧಾನವೆಂದರೆ ಬರೀ ಕಾಗದ, ನಾನು ಹೇಳಿದ್ದೆಲ್ಲ ಸುಳ್ಳು ಸಾಬ್ರೆ ಎಂದೆ. ಕ್ಷಮೆ ಕೇಳುವುದಕ್ಕೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅವರು ನನ್ನತ್ತ ತಿರುಗಿದರು. "ಸುಳ್ಳಲ್ಲ ತಮ್ಮಾ. ಸುಳ್ಳಾಗಿದ್ರೆ ಬರ್ದೇ ಕೊಡ್ತಿದ್ರು."

ಚರ್ಚೆಯ ಯಾವ ವೇದಿಕೆಯಲ್ಲೂ ನನಗೆ ಅಂಥ ಉತ್ತರ ಸಿಕ್ಕಿಲ್ಲ. ಒಂದು ಸಾಲು ಬರೆದು ಸಹಿ ಹಾಕಿದ್ದರೆ ಆ ಅಧಿಕಾರಿ ಸಂವಿಧಾನವೆಂಬ ಪುಸ್ತಕದ ಕೈಗೆ ಸಿಕ್ಕುತ್ತಿದ್ದರು. ಅವರಿಗದು ಗೊತ್ತಿತ್ತು. ಬರೆದ ಮಾತಿಗೆ ಬಲವಿದೆ ಎಂಬುದಕ್ಕೆ ಅವರ ಹೆದರಿಕೆಯೇ ಸಾಕ್ಷಿ. ಆದರೆ ಆ ಸಾಕ್ಷಿಯಿಂದ ಒಂದು ತಗಡೂ ವಾಪಸು ಬರಲಿಲ್ಲ. ನಾನು ಪ್ರಜೆಗೆ ಪುಸ್ತಕದ ಬಲ ಹೇಳಿಕೊಟ್ಟೆ. ಆಳುವವರು ಅದಕ್ಕೂ ಮೊದಲೇ ಪುಸ್ತಕವನ್ನು ಮುಟ್ಟದೆ ಆಳುವುದನ್ನು ಕಲಿತಿದ್ದರು.

ಆಮೇಲೆ ಸಾಬರು ತಿದಿಯನ್ನು ಹೆಗಲ ಮೇಲೆ ಹೊತ್ತು ಕುಬಟೂರು, ಗುಡವಿ ಕಡೆ ಊರೂರು ತಿರುಗಿದರು. ನಡೆಯುವ ವಯಸ್ಸಲ್ಲ. ಕಲಾಯಿ ಬೇಡದ ಅಲ್ಯೂಮಿನಿಯಂ ಪಾತ್ರೆಗಳೂ ಬಂದವು... ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ನನಗೆ ಯಾರೂ ಕಾಗದ ಹಾಕಲಿಲ್ಲ. ಯಾಕೆ ಹಾಕಬೇಕು?

ಖಾನಾವಳಿಯ ಆ ಹೊಗೆ ನನ್ನನ್ನು ಊರಿಗೆ ಎಳೆದುಕೊಂಡು ಹೋಯಿತು. ಹೋದ ವಾರ ಕಚೇರಿಗೆ ಹೋಗಿ, ಆ ವರ್ಷ ಆ ಜಾಗದಲ್ಲಿ ಏನು ತೆರವಾಯಿತೆಂದು ಕೇಳಿದೆ. ಗುಮಾಸ್ತರು ಒಳ್ಳೆಯವರು, ದಫ್ತರ ತೆಗೆದು ಹಾಳೆ ಹಾಳೆ ತಿರುವಿದರು. "ಇಲ್ಲಿ ಅಂಗಡಿ ಇತ್ತು ಅಂತಲೇ ದಾಖಲೆ ಇಲ್ವಲ್ರೀ. ಇಲ್ಲದ್ದನ್ನ ತೆಗೆಯೋದು ಹೆಂಗೆ?"

ಹಾಗಂತ ಬರೆದು ಕೊಡಿ ಎಂದೆ.

ಅವರು ಸಾಹೇಬರ ಕೋಣೆಯ ಕಡೆಗೊಮ್ಮೆ ನೋಡಿ, ದಫ್ತರ ಕಟ್ಟಿಟ್ಟರು. "ಬಿಸ್ಲಾಗೆ ಬಂದೀರಿ. ಕೂತ್ಕಳ್ರಿ, ಚಾ ತರಿಸ್ತೀನಿ."

ಕೂತು ಚಾ ಕುಡಿದೆ. ಕುಡಿದು ಎದ್ದು ಬಂದೆ.