ಅವ್ವ ಹೊಳೆಗಿಳಿಯಲು ಹೋದ ಮಧ್ಯಾಹ್ನ

ನನ್ನ ಅವ್ವ ಕೃಷ್ಣಾ ನದಿಯ ದಂಡೆಯ ಊರಿನವಳು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಅಪ್ಪನ ರೈಲ್ವೆ ನೌಕರಿಗಾಗಿ ಕೋಲ್ಕತ್ತಕ್ಕೆ ಬಂದು ಡಮ್ ಡಮ್‌ನಲ್ಲಿ ಸಂಸಾರ ಹೂಡಿದ ಮೇಲೆ ಈಜುವುದು ಹಾಗೇ ನಿಂತುಹೋಯಿತು. ಆದರೆ ಮಾತಿನಲ್ಲಿ ಮಾತ್ರ ಹೊಳೆ ಬತ್ತಲಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ಸಾಕು, "ನಮ್ಮ ಹೊಳ್ಯಾಗ ಆಗಿದ್ರ..." ಎಂದು ಶುರು ಮಾಡುತ್ತಿದ್ದಳು.

ನಾನು ಮದುವೆಯಾದದ್ದು ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ಜೊತೆಗಿದ್ದ ಬಂಗಾಳಿಯನ್ನು. ನಮ್ಮ ಮನೆ ಬಾಲಿಗಂಜ್‌ನಲ್ಲಿ. ಅವನ ಊರು ಸುಂದರಬನದ ಒಂದು ದ್ವೀಪ. ಬಾಲಿಗಂಜ್‌ನಿಂದ ಲೋಕಲ್ ರೈಲು ಹಿಡಿದು, ಇಳಿದು, ಆಟೋ ಹತ್ತಿ, ಕೊನೆಗೆ ದೋಣಿಯಲ್ಲಿ ದಾಟಬೇಕು. ಮದುವೆಯ ಮರುವರ್ಷ ಚಳಿಗಾಲದಲ್ಲಿ ಅತ್ತೆ ನಮ್ಮನ್ನೆಲ್ಲ ಹೊಸ ಬೆಲ್ಲದ ಪೀಠೆ, ಅಂದರೆ ಅಕ್ಕಿಹಿಟ್ಟಿನ ಸಿಹಿ ಕಡುಬು, ತಿನ್ನಲು ಕರೆದರು. ಅಪ್ಪ ಮೊಣಕಾಲು ನೋವೆಂದು ಉಳಿದರು. ಅವ್ವ ಹೊರಟೇಬಿಟ್ಟಳು.

ಬೀಗಿತ್ತಿಯರಿಬ್ಬರಿಗೂ ಆಗ ಅಷ್ಟೇನೂ ಬಳಕೆಯಿರಲಿಲ್ಲ. ಅವ್ವನ ಬಂಗಾಳಿ ತರಕಾರಿ ಕೊಳ್ಳುವಷ್ಟು. ಅತ್ತೆಗೆ ಕನ್ನಡ ಒಂದಕ್ಷರ ಬಾರದು. ಇಬ್ಬರೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸುತ್ತ ನಗುತ್ತಿದ್ದರು, ಅಷ್ಟೇ.

ಅತ್ತೆಯ ಮನೆಯ ಮುಂದೆ ಎತ್ತರದ ಮಣ್ಣಿನ ಒಡ್ಡು. ಅದರಾಚೆ ಹೊಳೆ. ಊಟವಾದ ಮೇಲೆ ನಾನು ಪಾತ್ರೆ ಎತ್ತಿಟ್ಟು ಬರುವಷ್ಟರಲ್ಲಿ ಅವ್ವ ಕಾಣಲಿಲ್ಲ. ಒಡ್ಡು ಹತ್ತಿ ನೋಡಿದರೆ ಉಬ್ಬರ ಏರಿ ಹೊಳೆ ತುಂಬಿ ನಿಂತಿತ್ತು. ಬಿಸಿಲಿಗೆ ನೀರು ಕಾಯಿಸಿದ ಹಾಲಿನ ಬಣ್ಣಕ್ಕೆ ಬಂದಿತ್ತು. ಅವ್ವ ಸೀರೆಯನ್ನು ಕಚ್ಚೆ ಹಾಕಿ ಇಟ್ಟಿಗೆಯ ಮೆಟ್ಟಿಲು ಇಳಿಯುತ್ತಿದ್ದಳು. ಕೊನೆಯ ಮೆಟ್ಟಿಲ ಮೇಲೆ ನಿಂತು, ನೀರಿಗೆ ಕಾಲು ಬಿಟ್ಟು, ನನ್ನ ಕಡೆ ತಿರುಗಿ ನಕ್ಕಳು.

"ಒಂದ ಮುಳುಗು ಹಾಕಿ ಬರ್ತೀನಿ. ನಿಮ್ಮತ್ತಿಗೆ ಹೇಳಬ್ಯಾಡ."

ನಾನೂ ನಕ್ಕೆ. ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಿಂದಲೇ ಓಡಿಹೋದರು. ಕೈಯಲ್ಲಿದ್ದ ಬೋಗುಣಿ ಎಲ್ಲೋ ಬಿತ್ತು. ಮೆಟ್ಟಿಲುಗಳನ್ನು ಇಳಿದರೋ ಜಾರಿದರೋ ತಿಳಿಯಲಿಲ್ಲ. ಹಿಂದಿನಿಂದ ಅವ್ವನ ತುರುಬಿಗೆ ಕೈ ಹಾಕಿ, ಕೂದಲು ಹಿಡಿದು ಎಳೆದುಬಿಟ್ಟರು. ಇಬ್ಬರೂ ಕೆಸರಿನಲ್ಲಿ ಬಿದ್ದರು. ಬಿದ್ದ ಮೇಲೂ ಅತ್ತೆ ಬಿಡಲಿಲ್ಲ. ಒಡ್ಡಿನ ಅರ್ಧದವರೆಗೆ ಎಳೆದುಕೊಂಡೇ ಬಂದರು.

"ಕುಮೀರ್, ದಿದಿ, ಕುಮೀರ್!" ಎಂದು ಕೂಗುತ್ತಿದ್ದರು. ಮೊಸಳೆ. ನಾನು ಹೊಳೆಯ ಕಡೆ ನೋಡಿದೆ. ನೀರಿನಲ್ಲಿ ಏನೂ ಇರಲಿಲ್ಲ.

ಅದೇ ಅವ್ವನಿಗೆ ಸಾಕಾಯಿತು. ಸೀರೆ ಬದಲಿಸಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಚಹಾ ತಂದುಕೊಟ್ಟರೆ ಮುಟ್ಟಲಿಲ್ಲ.

"ನಮ್ಮವ್ವ ಸುದ್ದಾ ನನ್ನ ಕೂದಲಿಗೆ ಕೈ ಹಾಕಿದ್ದಿಲ್ಲ. ಬೀಗತಿ ಮನ್ಯಾಗ ಇದೊಂದು ಮರ್ಯಾದಿ ಆತು ನನಗ."

"ಮೊಸಳಿ ಐತಂತವ್ವ ಹೊಳ್ಯಾಗ."

"ನಮ್ಮ ಹೊಳ್ಯಾಗ ಇದ್ದಿಲ್ಲೇನು? ಬ್ಯಾಸಗ್ಯಾಗ ಮಡುವಿನ ಬಂಡಿಗಲ್ಲಿನ ಮ್ಯಾಲೆ ಸಾಲು ಹಿಡದು ಮಲಗತಿದ್ದೂ. ಅವನ್ನ ನೋಡಕೋತನ ಈಜೀನಿ ನಾ. ಇಲ್ಲೆಲ್ಲಿ ಐತಿ, ತೋರಸು. ನಾಳೆ ಮುಂಜಾನೆ ಮೊದಲನೇ ದೋಣಿಗೆ ನಡಿ, ಹೋಗೋಣು."

ಹೊರಗೆ ಬಂದರೆ ಅತ್ತೆ ಹಿತ್ತಿಲ ಕೊಳದ ಬಳಿ ಕೂತು ಅವ್ವನ ಸೀರೆಯ ಕೆಸರು ತಿಕ್ಕುತ್ತಿದ್ದರು. ಕೆಸರು ಹೋದಮೇಲೂ ತಿಕ್ಕುತ್ತಲೇ ಇದ್ದರು. ಅವ್ವ ಅಂದದ್ದನ್ನೆಲ್ಲ ನಾನು ಬಂಗಾಳಿಯಲ್ಲಿ ಹೇಳಿದೆ. ನನ್ನ ಗಂಡ ಮೆಲ್ಲಗೆ, "ಮಾ, ಅವರಿಗೆ ಹೇಳು. ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಬೇಕು?" ಎಂದ. ನನಗೂ ಅವನು ಆ ವಿಷಯ ಎಂದೂ ಹೇಳಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಕೋಣೆಗೆ ಬಂದು ಅವ್ವನ ಎದುರು ನೆಲದ ಮೇಲೆ ಕೂತರು. ನನ್ನನ್ನು ನಡುವೆ ಕೂರಿಸಿಕೊಂಡು, ನಾನು ಹೇಳಿದ್ದನ್ನು ನಿನ್ನ ಅಮ್ಮನಿಗೆ ಹೇಳು ಎಂದರು.

ಮದುವೆಯಾಗಿ ಬಂದ ಹೊಸತರಲ್ಲಿ ಅವರೂ ಅವರ ನೆಗೆಣ್ಣಿಯೂ ಹೊಳೆಯಲ್ಲಿ ಸಿಗಡಿ ಮರಿ ಹಿಡಿಯುತ್ತಿದ್ದರಂತೆ. ಸೊಂಟದವರೆಗೆ ನೀರಿನಲ್ಲಿ ನಿಂತು, ಸಣ್ಣ ಕಣ್ಣಿನ ಬಲೆಯನ್ನು ದಂಡೆಗುಂಟ ಎಳೆಯುತ್ತ ಹೋಗುವುದು. ದಿನವೂ ಅದೇ ಜಾಗ, ಉಬ್ಬರದ ಅದೇ ಹೊತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಮನೆಗೆ ಬೇಕಾದ ಮೀನು ಸೀಳಿ ತೊಳೆಯುವುದು.

"ಅದು ಕಲಿತುಕೊಳ್ಳುತ್ತದೆ ದಿದಿ. ಯಾರು ಎಲ್ಲಿ ಇಳಿಯುತ್ತಾರೆ, ಯಾವಾಗ ಇಳಿಯುತ್ತಾರೆ ಎಂದು. ನಿಮ್ಮ ಹೊಳೆಯ ಮೊಸಳೆ ಬಿಸಿಲಿಗೆ ಮಲಗಿದ್ದು ಕಾಣುತ್ತಿತ್ತು. ಇಲ್ಲಿಯ ನೀರಿನಲ್ಲಿ ನನ್ನ ಮೊಣಕಾಲೇ ನನಗೆ ಕಾಣುವುದಿಲ್ಲ."

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಗೋಡೆಯ ಕಡೆಗೇ ನೋಡುತ್ತಿದ್ದಳು.

"ಅವಳು ನನ್ನ ಮುಂದೆ ಇದ್ದಳು. ಏನೋ ಹೇಳಿ ನಗುತ್ತಿದ್ದಳು. ಒಮ್ಮೆಲೇ ಕೂತಂತೆ ಆದಳು. ನಾನು ಕೈ ಚಾಚಿ ಹಿಡಿದೆ. ಸಿಕ್ಕಿದ್ದು ಸೀರೆ. ಎಷ್ಟು ಬಲ ಇತ್ತೋ ಅಷ್ಟೂ ಹಾಕಿ ಎಳೆದೆ. ಸೀರೆ ಬಂತು. ಅವಳು ಬರಲಿಲ್ಲ."

ಇದನ್ನು ನಾನು ಕನ್ನಡಕ್ಕೆ ಪೂರ್ತಿ ತರಲಿಲ್ಲ. "ಸೀರಿ ಬಂತಂತವ್ವ..." ಎಂದಷ್ಟೇ ಹೇಳಿದೆ. ಮುಂದಿನದನ್ನು ಅವ್ವ ಕೇಳಲಿಲ್ಲ. ಈ ಕಡೆ ತಿರುಗಿ ಅತ್ತೆಯನ್ನು ನೋಡಿದಳು.

"ಅದಕ್ಕ ಕೂದಲಾ ಹಿಡದ್ರೇನು?" ಎಂದಳು.

ನಾನು ಬಂಗಾಳಿಗೆ ತಿರುಗಿಸುವ ಮೊದಲೇ ಅತ್ತೆ ತಲೆಯಾಡಿಸಿದರು. ಅವ್ವ ಸರಿದು ಬಂದು ಅವರ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ತುಸು ಹೊತ್ತು ಇಬ್ಬರೂ ಅತ್ತರು. ಆಮೇಲೆ ಅವ್ವ ನನಗೆ, "ಆಕಿ ಹ್ಯಾಂಗಿದ್ದಳು ಕೇಳು" ಎಂದಳು. ಅತ್ತೆ ಕಣ್ಣೊರೆಸಿಕೊಂಡು, ಗಿಡ್ಡಕೆ ಇದ್ದಳು, ಬಹಳ ಮಾತಾಡುತ್ತಿದ್ದಳು, ಅನ್ನಕ್ಕೆ ಉಪ್ಪು ಹೆಚ್ಚು ಹಾಕಿಕೊಳ್ಳುತ್ತಿದ್ದಳು ಎಂದೆಲ್ಲ ಹೇಳಿದರು. ಅವಳ ಬಗ್ಗೆ ತನ್ನನ್ನು ಯಾರಾದರೂ ಕೇಳಿ ಎಷ್ಟೋ ವರ್ಷವಾಯಿತು ಎಂದರು.

ಮೊದಲನೇ ದೋಣಿಗೆ ನಾವು ಹೋಗಲಿಲ್ಲ. ಬಿಸಿಲೇರಿದ ಮೇಲೆ ಅತ್ತೆ ಅವ್ವನನ್ನು ಹಿತ್ತಿಲ ಕೊಳಕ್ಕೆ ಕರೆದೊಯ್ದರು. ಹೊಳೆಯ ಕಡೆಗೆ ಅದಕ್ಕೆ ಬಿದಿರಿನ ಬೇಲಿಯೂ ಬಲೆಯೂ ಇತ್ತು. ಮಳೆಗಾಲದಲ್ಲಿ ಮೊಸಳೆಗಳು ಒಮ್ಮೊಮ್ಮೆ ಒಡ್ಡು ದಾಟಿಯೂ ಬರುತ್ತವಂತೆ. ಅತ್ತೆ ಕೊಳದ ಸುತ್ತಲೂ ನಡೆದು, ಕೆಸರಿನಲ್ಲಿ ಹೊಟ್ಟೆ ಎಳೆದ ಗುರುತು ಇದೆಯೇ, ಬೇಲಿ ಎಲ್ಲಾದರೂ ಬಾಗಿದೆಯೇ ಎಂದು ನೋಡಿದರು. ಎಲ್ಲ ನೋಡಿಯಾದ ಮೇಲೆ, "ಇಳೀರಿ ದಿದಿ" ಎಂದರು.

ಅವ್ವ ಸೀರೆ ಬಿಗಿದು ಮುಳುಗಿದಳು. ನಡುವಯಸ್ಸು ದಾಟಿದ ನನ್ನ ಅವ್ವ ಆ ಕೊಳದ ಈ ದಡದಿಂದ ಆ ದಡಕ್ಕೆ, ತಲೆ ಮೇಲೆತ್ತಿ, ಸದ್ದಿಲ್ಲದೆ ಈಜಿದಳು. ಅವಳು ಈಜುವುದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಮೆಟ್ಟಿಲ ಮೇಲೆ ನಿಂತು, ಅವಳು ಹೋದ ಕಡೆಗೆಲ್ಲ ಕಣ್ಣು ತಿರುಗಿಸುತ್ತಿದ್ದರು.

ಅಂದಿನಿಂದ ಫೋನಿನಲ್ಲಿ ಇಬ್ಬರದೂ ಒಂದೇ ಪಕ್ಷ. ನನ್ನ ಗಂಡನಿಗೆ ಗಾಳದ ಹುಚ್ಚು. ಊರಿಗೆ ಹೊರಟನೆಂದರೆ ಡಮ್ ಡಮ್‌ನಿಂದ ಅವ್ವ ಎಚ್ಚರಿಸುತ್ತಾಳೆ: "ನೀರಿನ ಅಂಚಿಗೆ ನಿಂದರಬ್ಯಾಡಂತ ಹೇಳು. ಒಡ್ಡಿನ ಮ್ಯಾಲಿಂದನ ಗಾಳ ಒಗಿ ಅನ್ನು. ಹೊತ್ತ ಮುಳಗೂದರಾಗ ಮನಿ ಸೇರಬೇಕು. ಮೀನದ ಕರಳು ಹೊಳಿಗೆ ಚೆಲ್ಲಬ್ಯಾಡ ಅನ್ನು." ಅವನು ಊರು ಮುಟ್ಟುವಷ್ಟರಲ್ಲಿ ಅತ್ತೆ ಅದನ್ನೇ ಬಂಗಾಳಿಯಲ್ಲಿ ಹೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ ಅತ್ತೆ ಬಾಲಿಗಂಜ್‌ಗೆ ಬಂದಿದ್ದರು. ನೆಗೆಣ್ಣಿ ಹೋದ ದಿನದಿಂದ ಅವರು ಪಾದ ಮುಳುಗುವುದಕ್ಕಿಂತ ಆಳದ ನೀರಿಗೆ ಇಳಿದಿಲ್ಲವೆಂದು ತಿಳಿದ ಅವ್ವ, ಹಟ ಹಿಡಿದು ಅವರನ್ನು ಹತ್ತಿರದ ಈಜುಕೊಳಕ್ಕೆ ಹೆಂಗಸರ ಹೊತ್ತಿನಲ್ಲಿ ಕರೆದೊಯ್ದಳು. ಬಾಡಿಗೆಯ ಉಡುಪು ನೋಡಿಯೇ ಇಬ್ಬರಿಗೂ ನಗು ತಡೆಯಲಿಲ್ಲ. ಅತ್ತೆ ಅಂಚಿನಲ್ಲಿ ಕೂತು, ತಿಳಿನೀರಿನೊಳಗೆ ಕೊಳದ ತಳವನ್ನು ಬಹಳ ಹೊತ್ತು ನೋಡಿದರು. ನೀಲಿ ಹೆಂಚು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನೀರು ಸೊಂಟಕ್ಕೆ ಬಂದಾಗ ಅಲ್ಲೇ ನಿಂತರು.

"ಸಾಕವಾ ಇವತ್ತಿಗೆ" ಎಂದು ಅವ್ವ ಕನ್ನಡದಲ್ಲೇ ಹೇಳಿದಳು.

"ಇನ್ನೂ ಸ್ವಲ್ಪ ಹೊತ್ತು" ಎಂದು ಅತ್ತೆ ಬಂಗಾಳಿಯಲ್ಲಿ ಅಂದರು.